ಪಾನಪಾತ್ರೆಯ ಆಯ್ಕೆ

ಕಳೆದ ಮಾಘಮಾಸದ ಒಂದು ಮುಂಜಾನೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ರೋಣದ ನಮ್ಮ ಮನೆಗೆ ಬಂದು, ಪಾದ ಮುಟ್ಟಿ ನಮಸ್ಕರಿಸಿ, ಕಟ್ಟೆಯ ತುದಿಗೆ ಕುಳಿತನು. ಆತನು ಗಜೇಂದ್ರಗಡದವನು. ಹತ್ತು ವರ್ಷಗಳಿಂದ ಅಲ್ಲಿ ಒಂದು ಖಾನಾವಳಿಯನ್ನು ನಡೆಸುತ್ತಿದ್ದು, ಜೋಳದ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಶೇಂಗಾಹಿಂಡಿಗಳಿಂದ ಸುತ್ತಲಿನ ಊರುಗಳಲ್ಲಿ ಹೆಸರು ಪಡೆದಿದ್ದಾನೆ. ಮಳೆ, ಬೆಳೆ, ಮಕ್ಕಳ ಶಾಲೆ ಎಂದು ಬಹಳ ಹೊತ್ತು ಮಾತಾಡಿದ ಮೇಲೆ ತಲೆ ತಗ್ಗಿಸಿ ವಿಷಯಕ್ಕೆ ಬಂದನು.

“ಸರ, ಖಾನಾವಳಿ ಮ್ಯಾಲಿನ ಅಂತಸ್ತಿಗೆ ಬಾರಿನ ಪರವಾನಗಿ ಸಿಕ್ಕೈತ್ರಿ. ಊಟದ ಜೋಡಿ ವೈನ್ ಇಡಬೇಕಂತ ಮಾಡೇನಿ. ಗ್ಲಾಸ್ ಆರಿಸಾಕ ಹುಬ್ಬಳ್ಳಿಗೆ ಹೊಂಟೇನ್ರಿ. ನೀವು ನನ್ನ ಸಂಗಡ ಬರಬೇಕ್ರಿ.”

ನಾವು ಮೊದಲು ನಕ್ಕೆವು. ಆಯುಷ್ಯವೆಲ್ಲ ಶಬ್ದರೂಪ ಧಾತುರೂಪಗಳನ್ನು ಕಲಿಸಿದ, ಮದ್ಯದ ಹನಿಯೊಂದನ್ನೂ ನಾಲಗೆಗೆ ತಗಲಿಸದ ನಮ್ಮಂಥವರಿಗೆ ಆ ಬಟ್ಟಲುಗಳ ಗುಣದೋಷ ಏನು ತಿಳಿದೀತು? ಹಾಗೆಂದು ಕೇಳಿದೆವು. ಅದಕ್ಕೆ ಆತನು, “ಶಾಲಿ ಪ್ರಯೋಗಶಾಲಿಗೆ ಗಾಜಿನ ಸಾಮಾನ ಎಲ್ಲಾ ನೀವ ನೋಡಿ ತರತಿದ್ರಿ. ನಿಮ್ಮ ಕಣ್ಣಿಗೆ ಗಾಜು ಮೋಸ ಮಾಡಂಗಿಲ್ರಿ” ಎಂದನು. ಈ ಮಾತು ಸುಳ್ಳಲ್ಲ. ಸಂಸ್ಕೃತದ ಮಾಸ್ತರರಿಗೆ ಕೆಲಸ ಕಡಿಮೆಯೆಂದು ತಿಳಿದ ಮುಖ್ಯಾಧ್ಯಾಪಕರು ಉಗ್ರಾಣದ ಲೆಕ್ಕವನ್ನು ನಮಗೆ ಒಪ್ಪಿಸಿದ್ದರು. ಆದರೂ ಇದು ಪೂರ್ಣ ಕಾರಣವಲ್ಲವೆಂದು ನಮಗೆ ತೋರಿತು. ಮತ್ತೆ ಕೇಳಲು, ಆತನು ನೆಲ ನೋಡುತ್ತ ನಿಜವನ್ನಾಡಿದನು: “ಅವ್ವ ಮಾತ ಬಿಟ್ಟಾಳ್ರಿ. ನೀವು ಸಂಗಡ ಬಂದೀರಂದ್ರ ಆಕಿ ಸಿಟ್ಟು ಇಳೀತೈತಿ.”

ಆಗ ನಮ್ಮ ನಗೆ ನಿಂತಿತು. ಆ ತಾಯಿಯ ಮನೆಯನ್ನು ನಾವು ಕಂಡಿದ್ದೆವು.

ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಈತನ ತಂದೆ ಒಳ್ಳೆಯ ನೇಕಾರನು. ಆದರೆ ಸಾರಾಯಿಯ ಕೈಗೆ ಸಿಕ್ಕವನು. ಹುಡುಗನು ಎಂಟು ದಿನ ಶಾಲೆಗೆ ಬಾರದಿರಲು, ನಾವೇ ಅವನ ಮನೆಯನ್ನು ಹುಡುಕಿಕೊಂಡು ಹೋದೆವು. ಬೇಸಿಗೆ, ಬಾಯಾರಿತ್ತು, ನೀರು ಬೇಡಿದೆವು. ಒಳಗೆ ಬಹಳ ಹೊತ್ತು ಏನೋ ಹುಡುಕುವ ಸಪ್ಪಳವಾಯಿತು. ಕಡೆಗೆ ಹುಡುಗನು ಕೊಡದ ಮೇಲೆ ಮುಚ್ಚುವ ತಾಟಿನಲ್ಲಿ ನೀರು ತುಂಬಿ, ಎರಡು ಕೈಗಳಿಂದ ಹಿಡಿದು, ಚೆಲ್ಲದಂತೆ ನಡೆದು ಬಂದನು. ಮನೆಯಲ್ಲಿ ಒಂದು ತಂಬಿಗೆಯಿರಲಿಲ್ಲ, ಒಂದು ಲೋಟವಿರಲಿಲ್ಲ. ತಾಯಿಯ ತವರಿನ ಹಿತ್ತಾಳೆ ತಾಮ್ರಗಳೆಲ್ಲ ಒಂದೊಂದಾಗಿ ಸಾರಾಯಿಯ ಅಂಗಡಿಗೆ ನಡೆದಿದ್ದವು. ಆ ತಾಟಿನಿಂದ ನೀರು ಕುಡಿದುದನ್ನು ನಾವು ಈವರೆಗೂ ಮರೆತಿಲ್ಲ. ಮುಂದೆ ೨೦೦೭ನೆಯ ಇಸವಿ ಜುಲೈ ೧ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿಯ ಮಾರಾಟವು ನಿಷಿದ್ಧವಾಯಿತು. ಆ ನೇಕಾರನು ಆ ದಿನವನ್ನು ಕಾಣಲು ಉಳಿದಿರಲಿಲ್ಲ.

ಅಂಥ ಮನೆಯ ಮಗನೇ ಈಗ ಬಾರಿನ ಪರವಾನಗಿ ಹಿಡಿದು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದನು. ನಾವು ಬರುವದಿಲ್ಲವೆಂದು ಹೇಳಿ ಕಳುಹಿಸಿದೆವು.

ಆ ರಾತ್ರಿ ನಿದ್ರೆ ಬರಲಿಲ್ಲ. ಮದ್ಯದ ವಿಷಯವಾಗಿ ನಮ್ಮ ಸೀಮೆಯು ಒಂದೇ ಮನಸ್ಸಿನಿಂದ ಇದ್ದದ್ದೇ ಇಲ್ಲ. ನಮ್ಮ ಹಿರಿಯರ ಕಾಲಕ್ಕೆ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ೧೯೪೯ರ ಮುಂಬಯಿ ಪಾನನಿಷೇಧದ ಕಾಯಿದೆಯು ರೋಣ ನರಗುಂದಗಳಿಗೂ ಹತ್ತಿತ್ತು. ೧೯೫೬ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಬಂದೆವು. ಕಾಲಾಂತರದಲ್ಲಿ ಆ ನಿಷೇಧವು ಹೋಯಿತು. ನಮ್ಮ ಸಂವಿಧಾನದ ೪೭ನೆಯ ಅನುಚ್ಛೇದವು ಮಾದಕ ಪಾನೀಯಗಳನ್ನು ನಿಷೇಧಿಸಲು ಸರಕಾರಗಳು ಯತ್ನಿಸತಕ್ಕದ್ದೆಂದು ಹೇಳುತ್ತದೆ. ಆದರೆ ಸಾರಾಯಿಯನ್ನು ನಿಲ್ಲಿಸಿದ ಅದೇ ೨೦೦೭ರಲ್ಲಿ ನಮ್ಮ ರಾಜ್ಯವು ದ್ರಾಕ್ಷಾಮದ್ಯಕ್ಕಾಗಿ ಒಂದು ನೀತಿಯನ್ನು ಗೊತ್ತುಮಾಡಿ, ವೈನ್ ಮಂಡಳಿಯನ್ನು ಸ್ಥಾಪಿಸಿತು. ಉದ್ದೇಶವು ದ್ರಾಕ್ಷಿ ಬೆಳೆವ ರೈತನ ಹಿತ. ನಮ್ಮ ಉತ್ತರಕ್ಕೆ ವಿಜಯಪುರ ಬಾಗಲಕೋಟೆಗಳ ಕಡೆ ದ್ರಾಕ್ಷಿಯ ತೋಟಗಳು ಎಷ್ಟಿವೆಯೆಂಬುದನ್ನೂ, ಅಕಾಲದ ಒಂದು ಮಳೆ ಆ ರೈತನನ್ನು ಏನು ಮಾಡುವದೆಂಬುದನ್ನೂ ವಾಚಕರು ಬಲ್ಲರು.

ಮಲಗಿದಲ್ಲಿಯೇ ಕೌಟಿಲ್ಯನು ನೆನಪಾದನು. ಮೈಸೂರಿನ ಪ್ರಾಚ್ಯಪುಸ್ತಕ ಭಾಂಡಾರದಲ್ಲಿ ೧೯೦೫ರಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ತಾಳೆಗರಿಯಲ್ಲಿ ಸಿಕ್ಕು, ೧೯೦೯ರಲ್ಲಿ ಅಚ್ಚಾದ ಆ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣವೊಂದಿದೆ. ದ್ರಾಕ್ಷಿಯ ರಸದಿಂದಾದುದಕ್ಕೆ ಅಲ್ಲಿ ಮಧುವೆಂದು ಹೆಸರು. ಕಾಪಿಶಾಯನ, ಹಾರಹೂರಕ ಎಂದು ಅದು ಬರುವ ದೇಶಗಳಿಂದ ಅದರ ಭೇದಗಳು. ಕೌಟಿಲ್ಯನು ಕುಡಿತವನ್ನು ಹೊಗಳುವದಿಲ್ಲ. ಇಲ್ಲವೆಂದು ಕಣ್ಣು ಮುಚ್ಚಿಕೊಳ್ಳುವದೂ ಇಲ್ಲ. ನಡತೆ ಗೊತ್ತಿದ್ದವರಿಗೆ ಮಾತ್ರ, ಅರ್ಧಕುಡುಬ, ಕುಡುಬ, ಪ್ರಸ್ಥವೆಂಬ ಅಳತೆಗಳಿಂದ, ಸ್ವಲ್ಪ ಸ್ವಲ್ಪವೇ ಕೊಡತಕ್ಕದ್ದೆಂದು ವಿಧಿಸುತ್ತಾನೆ. ತಡೆಯಲಾಗದ್ದನ್ನು ಅಳತೆಯಲ್ಲಿಡಬೇಕೆಂಬುದು ಆತನ ಅಭಿಪ್ರಾಯವೆಂದು ತೋರುತ್ತದೆ. ನಮ್ಮ ವಿದ್ಯಾರ್ಥಿಯು ಹೇಗಿದ್ದರೂ ಅಂಗಡಿಯನ್ನು ತೆರೆಯುವವನೇ. ನಾವು ಸಂಗಡ ಹೋಗದಿದ್ದರೆ ಅಳತೆಯ ಮಾತನ್ನು ಅವನಿಗೆ ಹೇಳುವವರು ಯಾರು? ಹೀಗೆ ವಿಚಾರಿಸಿ, ಬೆಳಗಾದ ಮೇಲೆ ಬರುವೆವೆಂದು ತಿಳಿಸಿದೆವು. ನಮ್ಮ ಮನೆಯವರು ಮಾತ್ರ, “ಏನ್ರೀ, ಇದ ಏನು ನಿಮ್ಮ ಗುರುದಕ್ಷಿಣಾ?” ಎಂದಷ್ಟೇ ಕೇಳಿ ಅಡಿಗೆಯ ಮನೆಗೆ ಹೋದರು.

ನರಗುಂದದಲ್ಲಿ ಚಹಕ್ಕಾಗಿ ಇಳಿದೆವು. ೧೮೫೮ರಲ್ಲಿ ಬಾಬಾಸಾಹೇಬರು ಇಂಗ್ರಜರ ಮೇಲೆ ಎದ್ದ ಆ ಗುಡ್ಡದ ಕೆಳಗೆ ನಿಂತು ಕುಡಿದುದು ಅಂಗೈಯಷ್ಟು ಎತ್ತರದ, ಗೀರುಗೀರಾದ ಗ್ಲಾಸಿನಲ್ಲಿ. ಅದನ್ನು ನಾವು ಅಂದು ಮೊದಲ ಸಲ ಲಕ್ಷ್ಯವಿಟ್ಟು ನೋಡಿದೆವು. ಹೊರಮೈಯ ಗೀರುಗಳು ಬೆರಳಿಗೆ ಹಿಡಿತವನ್ನು ಕೊಡುತ್ತವೆ, ಬಿಸಿಯನ್ನು ತುಸು ದೂರವಿಡುತ್ತವೆ. ದಪ್ಪ ತಳವು ಕಲ್ಲಿನ ಕಟ್ಟೆಯ ಮೇಲೆ ಕುಕ್ಕಿದರೂ ಸೈರಿಸುತ್ತದೆ. ಒಂದು ಸಲಕ್ಕೆ ಸಾಕಾಗುವಷ್ಟೇ ಹಿಡಿಯುತ್ತದೆ. “ನೋಡು ತಮ್ಮಾ, ಪಾತ್ರೆಯೆಂದರೆ ಹೀಗಿರಬೇಕು. ಯಾತಕ್ಕಾಗಿ ಇದೆಯೋ ಅದನ್ನು ಕೇಳದೆಯೇ ಹೇಳಬೇಕು” ಎಂದೆವು.

ಹುಬ್ಬಳ್ಳಿಯ ಅಂಗಡಿಯಲ್ಲಿ ಗಾಜಿನ ಒಂದು ಅರಣ್ಯವೇ ಇತ್ತು. ದ್ರಾಕ್ಷಾಮದ್ಯದ ಪಾತ್ರೆಗೆ ಮೂರು ಅಂಗಗಳು: ಮೇಲೆ ಬಟ್ಟಲು, ನಡುವೆ ಕಾಂಡ, ಕೆಳಗೆ ಪೀಠ. ಕಾಂಡವು ಅಲಂಕಾರಕ್ಕಲ್ಲ. ತಣ್ಣಗೆ ಕುಡಿಯಬೇಕಾದ ರಸಕ್ಕೆ ಕೈಯ ಬಿಸಿ ತಗಲಬಾರದೆಂದೂ, ಬಟ್ಟಲಿಗೆ ಬೆರಳ ಗುರುತು ಹತ್ತಬಾರದೆಂದೂ ಅದನ್ನು ಹಿಡಿಯುವದು. ಬಟ್ಟಲು ನಡುವೆ ಉಬ್ಬಿ ಬಾಯಿಯಲ್ಲಿ ಕಿರಿದಾಗಿರುವದು ಪರಿಮಳವು ಚೆದರದೆ ಮೂಗಿಗೆ ಬರಲೆಂದು. ಬಿಳಿಯದಕ್ಕೆ ಸಣ್ಣ ಬಟ್ಟಲು, ಕೆಂಪಿನದಕ್ಕೆ ಅಗಲವಾದದ್ದು, ನೊರೆಯೇಳುವ ಜಾತಿಗೆ ಕೊಳವೆಯಂತೆ ಉದ್ದನೆಯದು ಎಂದು ರೂಢಿ. ಒಂದೊಂದು ಬಗೆಯ ದ್ರಾಕ್ಷಿಗೆ ಒಂದೊಂದು ಬಟ್ಟಲೆಂಬ ಪಂಥವು ಕಳೆದ ಶತಮಾನದ ಉತ್ತರಾರ್ಧದಲ್ಲಿ ಆಸ್ಟ್ರಿಯಾ ದೇಶದ ರೀಡೆಲ್ ಮನೆತನದವರಿಂದ ಬಹಳ ಬೆಳೆಯಿತು. ಆದರೆ ರುಚಿಯ ಪರೀಕ್ಷಕರಿಗಾಗಿ ೧೯೭೭ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಗೊತ್ತುಮಾಡಿದ ಪಾತ್ರೆಯು ಎಲ್ಲ ಬಗೆಗಳಿಗೂ ಒಂದೇ: ತುಂಬ ಹಿಡಿದರೆ ಸುಮಾರು ೨೧೫ ಮಿಲಿಲೀಟರು, ಅದರಲ್ಲಿ ಸುರಿಯತಕ್ಕದ್ದು ೫೦. ಪರೀಕ್ಷಕರಿಗೆ ಸಾಕಾದದ್ದು ಗಜೇಂದ್ರಗಡದ ಗಿರಾಕಿಗೆ ಸಾಲದೆ ಹೋದೀತೆ? ಹಲವು ಜಾತಿಗಳು ಬೇಡ, ಒಂದೇ ಜಾತಿಯನ್ನು ಕೊಳ್ಳುವದೆಂದು ನಿಶ್ಚಯಿಸಿದೆವು. ಒಡೆದದ್ದಕ್ಕೆ ಬದಲು ತರುವದೂ, ತೊಳೆದು ಇಡುವದೂ ಇದರಿಂದ ಸುಲಭ.

ಆಮೇಲೆ ನಮ್ಮ ಉಗ್ರಾಣದ ವಿದ್ಯೆಯು ಕೆಲಸಕ್ಕೆ ಬಂದಿತು. ಬಟ್ಟಲನ್ನು ಬೆಳಕಿಗೆ ಹಿಡಿದು ಒಳಗೆ ಗುಳ್ಳೆ, ಗೆರೆಗಳುಂಟೋ ಎಂದು ನೋಡಿದೆವು. ಸಮತಟ್ಟಾದ ಮೇಜಿನ ಮೇಲಿಟ್ಟು ಬೆರಳಿನಿಂದ ಅಲುಗಿಸಿದೆವು. ಪೀಠವು ತೊನೆದಾಡಿದರೆ ಆ ಪಾತ್ರೆಯು ತ್ಯಾಜ್ಯ. ಬಾಯಿಯ ಅಂಚನ್ನು ಸವರಿದೆವು. ತೆಳ್ಳಗೆ ಕೊಯ್ದ ಅಂಚು ತುಟಿಗೆ ಸುಖ, ಆದರೆ ಬೇಗ ಚಕ್ಕೆ ಏಳುತ್ತದೆ. ದುಂಡಗೆ ಉರುಳಿಸಿದ ಅಂಚು ತುಸು ಒರಟಾದರೂ ಬಹಳ ದಿನ ಬಾಳುತ್ತದೆ. ಉಗುರಿನಿಂದ ಮೀಟಿದರೆ ಘಂಟೆಯಂತೆ ದೀರ್ಘವಾಗಿ ನುಡಿಯುವದು ಸೀಸ ಬೆರೆತ ಸ್ಫಟಿಕಗಾಜು. ಅದು ಹೊಳಪಿನದು, ೧೬೭೪ರಲ್ಲಿ ಇಂಗ್ಲಂಡದ ರೇವನ್ಸ್‌ಕ್ರಾಫ್ಟನು ಅದಕ್ಕೆ ಹಕ್ಕುಪತ್ರ ಪಡೆದಂದಿನಿಂದ ಶ್ರೀಮಂತರ ಮೇಜಿನ ಆಭರಣ. ಆದರೆ ಅದರಲ್ಲಿ ಪಾನೀಯವನ್ನು ಬಹಳ ಹೊತ್ತು ಇಟ್ಟರೆ ಸೀಸವು ಇಳಿಯುತ್ತದೆಂದು ತಿಳಿದ ಮೇಲೆ ಸೀಸವಿಲ್ಲದ ಸ್ಫಟಿಕವು ಬಂದಿದೆ. ಖಾನಾವಳಿಗೆ ಅದೂ ಬೇಡ. ಕಾಯಿಸಿ ಹಟಾತ್ತಾಗಿ ತಣಿಸಿ ಗಟ್ಟಿಗೊಳಿಸಿದ ಸಾದಾ ಗಾಜು ಉತ್ತಮ. ಬೇಗ ಒಡೆಯುವದಿಲ್ಲ, ಒಡೆದರೂ ಚೂಪಾದ ಚೂರುಗಳ ಬದಲು ಮೊಂಡು ಹರಳುಗಳಾಗುತ್ತದೆ. ತೊಳೆಯುವ ಹುಡುಗನ ಬೆರಳುಗಳೂ ಬೆರಳುಗಳೇ ಅಲ್ಲವೆ?

ಇಷ್ಟರವರೆಗೆ ನಮ್ಮಿಬ್ಬರಲ್ಲಿ ಭೇದವಿರಲಿಲ್ಲ. ಭೇದವು ಬಂದುದು ಗಾತ್ರದ ಮಾತಿನಲ್ಲಿ.

ಅಂಗಡಿಯವನು ಒಂದು ದೊಡ್ಡ ಬಟ್ಟಲನ್ನು ಮುಂದಿಟ್ಟನು. ೪೫೦ ಮಿಲಿಲೀಟರು ಹಿಡಿಯುವದು. “ಈಗ ಎಲ್ಲಾ ಕಡೆ ಇದ ಹೋಗತದ್ರಿ. ಮೇಜಿನ ಮ್ಯಾಲ ದೊಡ್ಡಸ್ತನ ಕಾಣತದ” ಎಂದನು. ನಮ್ಮ ವಿದ್ಯಾರ್ಥಿಯ ಕಣ್ಣು ಅಲ್ಲಿಯೇ ನೆಟ್ಟಿತು. ನಾವು ವಾದಿಸಲಿಲ್ಲ, ಮದ್ಯ ಅಳೆಯುವ ಲೋಹದ ಅಳತೆಯನ್ನು ಕೇಳಿ ತೆಗೆದುಕೊಂಡೆವು. ಅದರ ಒಂದು ಕಡೆ ೩೦, ಇನ್ನೊಂದು ಕಡೆ ೬೦ ಮಿಲಿಲೀಟರು. ಎರಡು ಸಲ ಅರವತ್ತು, ಒಂದು ಸಲ ಮೂವತ್ತು, ಒಟ್ಟು ೧೫೦ ಮಿಲಿಲೀಟರು ನೀರನ್ನು ಆ ದೊಡ್ಡ ಬಟ್ಟಲಿಗೆ ಸುರಿದೆವು. ಭೋಜನಗೃಹಗಳಲ್ಲಿ ಒಂದು ಸಲಕ್ಕೆ ಕೊಡುವ ರೂಢಿಯ ಅಳತೆ ಅಷ್ಟೇ. ೭೫೦ರ ಸೀಸೆಗೆ ಐದು ಪಾತ್ರೆ. ನೀರು ಬಟ್ಟಲಿನ ತಳದಲ್ಲಿ, ಬೇಸಿಗೆಯ ಬಾವಿಯಂತೆ ಕಂಡಿತು. ಅಷ್ಟೇ ನೀರನ್ನು ೨೫೦ ಹಿಡಿಯುವ ಬಟ್ಟಲಿಗೆ ಸುರಿದೆವು. ಅರ್ಧಕ್ಕಿಂತ ಮೇಲೇರಿ ತುಂಬಿದ ಮನೆಯಂತೆ ಕಂಡಿತು.

“ಈಗ ಹೇಳು. ಮೊದಲನೆಯದನ್ನು ಕಂಡ ಗಿರಾಕಿ ಏನೆಂದಾನು?”

“ಕಡಿಮಿ ಹಾಕೀರಿ ಅಂತಾನ್ರಿ.”

“ನಿನ್ನ ಆಳು ಏನು ಮಾಡ್ಯಾನು?”

“ಇನ್ನಷ್ಟು ಸುರೀತಾನ್ರಿ.”

ನಾವು ಓದಿದ್ದೊಂದು ಸಂಗತಿಯನ್ನು ಆಗ ಹೇಳಿದೆವು. ಇಂಗ್ಲಂಡದ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ೧೭೦೦ರಿಂದ ಈಚಿನ ದ್ರಾಕ್ಷಾಮದ್ಯದ ಪಾತ್ರೆಗಳ ಅಳತೆಗಳನ್ನು ಕೂಡಿಸಿ ೨೦೧೭ರಲ್ಲಿ ಪ್ರಕಟಿಸಿದರು. ಹದಿನೆಂಟನೆಯ ಶತಮಾನದಲ್ಲಿ ಸರಾಸರಿ ಪಾತ್ರೆಯು ೬೬ ಮಿಲಿಲೀಟರು ಹಿಡಿಯುತ್ತಿತ್ತು. ೨೦೧೬–೧೭ರ ಹೊತ್ತಿಗೆ ಅದು ೪೪೯ಕ್ಕೆ ಏರಿತ್ತು. ಅದಕ್ಕೂ ಮುಂಚೆ, ೨೦೧೬ರಲ್ಲಿ ಪ್ರಕಟವಾದ ಅವರದೇ ಒಂದು ಪರೀಕ್ಷೆಯಲ್ಲಿ, ಸುರಿಯುವ ಅಳತೆಯನ್ನು ಬದಲಿಸದೆ ೩೦೦ರ ಬಟ್ಟಲಿನ ಬದಲು ೩೭೦ರದನ್ನು ಇಟ್ಟಾಗ ಮಾರಾಟವು ನೂರಕ್ಕೆ ಒಂಬತ್ತರಷ್ಟು ಹೆಚ್ಚಿತು. ಮುಂದಿನ ಪರೀಕ್ಷೆಗಳಲ್ಲಿ ಫಲವು ಎಲ್ಲ ಕಡೆಗೂ ಒಂದೇ ತೆರನಾಗಿ ಬರಲಿಲ್ಲವೆಂಬುದನ್ನೂ ಸೇರಿಸಿ ಹೇಳಿದೆವು. ನಮ್ಮ ಪಕ್ಷಕ್ಕೆ ಅನುಕೂಲವಾದುದನ್ನು ಮಾತ್ರ ಹೇಳುವದು ಗುರುವಿಗೆ ಸಲ್ಲದು.

ವಿದ್ಯಾರ್ಥಿಯು ಜಾಣ. ಕೂಡಲೆ, “ಹಂಗಾರ ದೊಡ್ಡದು ತಗೊಂಡ್ರ ಲಾಭ ಹೆಚ್ಚು ಅಂದಂಗಾತು, ಸರ” ಎಂದನು. ಅಂಗಡಿಯವನು ನಕ್ಕನು. ನಮ್ಮದೇ ಬಾಣವು ನಮ್ಮ ಕಡೆಗೆ ತಿರುಗಿತ್ತು. ಒಂದು ಕ್ಷಣ ಮಾತೇ ಹೊರಡಲಿಲ್ಲ. ಆಮೇಲೆ ಕೇಳಿದೆವು: “ತಾಟಿನಲ್ಲಿ ನಮಗೆ ನೀರು ತಂದುಕೊಟ್ಟದ್ದು ನೆನಪಿದೆಯೇನು?”

ಆತನು ಉತ್ತರ ಕೊಡಲಿಲ್ಲ. ದೊಡ್ಡ ಬಟ್ಟಲನ್ನು ಎತ್ತಿ, ಅದರೊಳಗಿನ ನೀರನ್ನು ಹೊರಗೆ ಚೆಲ್ಲಿ, ಒರೆಸಿ, ಅಂಗಡಿಯವನ ಕೈಗೆ ತಿರುಗಿ ಕೊಟ್ಟನು. ೨೫೦ರ ಬಟ್ಟಲುಗಳನ್ನೇ ಕೊಂಡೆವು. ಮೇಲಿನ ಅಂತಸ್ತಿನಲ್ಲಿ ೨೪ ಆಸನಗಳಿದ್ದವು. ಒಡೆಯುವದನ್ನೂ ತೊಳೆಯಲು ಹಾಕಿದ್ದನ್ನೂ ಎಣಿಸಿ ೩೬ ಸಾಕೆಂದೆವು. ನೀರಿಗಾಗಿ ಅಷ್ಟೇ ಸಂಖ್ಯೆಯ ದೊಡ್ಡ ಸ್ಟೀಲಿನ ಲೋಟಗಳನ್ನು ಕೊಳ್ಳತಕ್ಕದ್ದೆಂದೂ, ಗಿರಾಕಿ ಕುಳಿತ ಕೂಡಲೆ ಮೊದಲು ನೀರು, ಆಮೇಲೆ ಊಟ, ಅದಾದ ಮೇಲೆ ಕೇಳಿದರೆ ಮಾತ್ರ ಇದು ಎಂದೂ, ಅಳೆಯದೆ ಒಂದು ಹನಿಯನ್ನೂ ಸುರಿಯತಕ್ಕದ್ದಲ್ಲವೆಂದೂ ಮಾತು ತೆಗೆದುಕೊಂಡೆವು.

ಗೃಹಿಣಿಯರಿಗೆ ಉಪಯೋಗವಾದೀತೆಂದು ತೊಳೆಯುವ ಕ್ರಮವನ್ನೂ ಇಲ್ಲಿ ಬರೆಯುತ್ತೇವೆ. ಮನೆಯ ಪಾನಕದ ಗ್ಲಾಸುಗಳಿಗೂ ಇದು ಸಲ್ಲುವದು. ನಮ್ಮ ಸೀಮೆಯ ಕೊಳವೆಬಾವಿಯ ನೀರು ಗಡಸು. ಗಾಜಿನ ಮೇಲೆ ಬಿಳಿಯ ಕಲೆ ಉಳಿಯುತ್ತದೆ. ತುಸು ನಿಂಬೆಯ ರಸ ಹಿಂಡಿದ ನೀರಿನಲ್ಲಿ ಅದ್ದಿ ತೆಗೆದರೆ ಅದು ಹೋಗುವದು. ಜಿಡ್ಡಿನ ಪಾತ್ರೆಗಳ ಸಂಗಡ ಗಾಜನ್ನು ತೊಳೆಯಬಾರದು. ಬಿಸಿನೀರಿನಿಂದ ತೆಗೆದದ್ದನ್ನು ತಣ್ಣೀರಿಗೆ ಹಾಕಬಾರದು. ಒರೆಸುವಾಗ ಒಂದು ಕೈಯಿಂದ ಪೀಠವನ್ನೂ ಇನ್ನೊಂದರಿಂದ ಬಟ್ಟಲನ್ನೂ ಹಿಡಿದು ತಿರುವಿದರೆ ಕಾಂಡವು ಮುರಿದು ಕೈಗೆ ನೆಡುವದು. ಆದುದರಿಂದ ಬಟ್ಟಲನ್ನೇ ಹಿಡಿದು ಬಟ್ಟಲನ್ನು ಒರೆಸಬೇಕು. ಒರೆಸಿದ ಮೇಲೆ ಮುಚ್ಚಿದ ಕಪಾಟಿನಲ್ಲಿ ಬೋರಲಾಗಿ ಇಟ್ಟರೆ ಒಳಗೆ ಮುಗ್ಗಲು ವಾಸನೆ ನಿಲ್ಲುತ್ತದೆ.

ಗಜೇಂದ್ರಗಡಕ್ಕೆ ತಿರುಗಿ ಬಂದಾಗ ದೀಪ ಹಚ್ಚುವ ಹೊತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ವಿದ್ಯಾರ್ಥಿಯು ನಮ್ಮನ್ನು ಮನೆಗೆ ಕರೆದೊಯ್ದನು. ತಾಯಿ ಬಾಗಿಲಲ್ಲಿ ಕುಳಿತಿದ್ದಳು. ನಮ್ಮನ್ನು ಕಂಡು ಎದ್ದು, ಸೆರಗು ಹೊದ್ದು, ಫಳಫಳ ಹೊಳೆವ ಹಿತ್ತಾಳೆಯ ತಂಬಿಗೆಯಲ್ಲಿ ನೀರು ತಂದಿಟ್ಟಳು. ಮಗನು ದುಡಿದು ತುಂಬಿಸಿದ ಮನೆ. ನಾವು ನೀರು ಕುಡಿದು, ಪೆಟ್ಟಿಗೆಯೊಳಗಿಂದ ಒಂದು ಬಟ್ಟಲನ್ನು ತೆಗೆದು ಆಕೆಗೆ ತೋರಿಸಿದೆವು. ಮುಟ್ಟಲಿಲ್ಲ, ದೂರದಿಂದಲೇ ನೋಡಿದಳು.

“ಇದರಾಗ ಎಷ್ಟು ಹಿಡಿತೈತ್ರಿ, ಮಾಸ್ತರ?”

“ಬಹಳ ಇಲ್ಲ ತಾಯಿ. ಇದ್ದುದರಲ್ಲಿ ಸಣ್ಣದನ್ನೇ ತಂದಿದ್ದೇವೆ.”

ಆಕೆ ತುಸು ಹೊತ್ತು ಸುಮ್ಮನಿದ್ದಳು. “ಇವರಪ್ಪನೂ ಮೊದಲ ಸಣ್ಣದರಾಗ ಕುಡೀತಿದ್ದ್ರಿ” ಎಂದಳು.

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಮಿತವಾಗಿ ಕುಡಿದರೆ ಕೇಡಿಲ್ಲವೆಂದು ಆಕೆಗೆ ಹೇಳುವಂತೆಯೂ ಇರಲಿಲ್ಲ; ಕುಡಿತದಲ್ಲಿ ನಿರಪಾಯವಾದ ಪ್ರಮಾಣವೆಂಬುದೇ ಇಲ್ಲವೆಂದು ಜಾಗತಿಕ ಆರೋಗ್ಯ ಸಂಸ್ಥೆಯು ೨೦೨೩ರ ಆರಂಭದಲ್ಲಿ ಹೇಳಿದೆ. ಸಣ್ಣ ಬಟ್ಟಲು ಕುಡಿತವನ್ನು ಪುಣ್ಯವಾಗಿಸಲಾರದು. ಕೇಡನ್ನು ತುಸು ಕಡಿಮೆ ಮಾಡೀತು, ಅಷ್ಟೇ. ಆ ಕೆಲಸಕ್ಕೆ ನಮ್ಮ ಹೆಸರನ್ನು ಕೊಟ್ಟದ್ದು ಸರಿಯೋ ತಪ್ಪೋ ಎಂಬುದನ್ನು ನಾವು ಇನ್ನೂ ತೂಗುತ್ತಲೇ ಇದ್ದೇವೆ. ನಾವು ಮಗನ ಪರವಾಗಿ ಒಂದು ಮಾತನ್ನೂ ಆಡದೆ ಎದ್ದು ಬಂದೆವು. ತಾಯಿಯ ಸಿಟ್ಟನ್ನು ಇಳಿಸುವದು ಗುರುವಿನ ಕೆಲಸವಲ್ಲ, ಮಗನ ಕೆಲಸ.

ಅಂಗಡಿ ತೆರೆದು ಈಗ ಕೆಲವು ತಿಂಗಳಾದವು. ಮೊನ್ನೆ ಆತನು ಬಂದು ಲೆಕ್ಕ ಹೇಳಿದನು. ಮೂವತ್ತಾರರಲ್ಲಿ ನಾಲ್ಕು ಒಡೆದಿವೆ. ಅಳತೆ ತಪ್ಪಿಲ್ಲ. ನೇಕಾರರ ಓಣಿಯ ಒಬ್ಬನು ಎರಡನೆಯ ಪಾತ್ರೆಯ ಮೇಲೆ ಮೂರನೆಯದನ್ನು ಕೇಳಲು, ತಾನೇ ಹೋಗಿ ಅವನ ಮುಂದೆ ನೀರಿನ ಲೋಟವನ್ನಿಟ್ಟು, “ಅಣ್ಣಾ, ಮನಿಗೆ ನಡಿ” ಎಂದನಂತೆ. ಅವನು ಬೈದು ಹೋದನಂತೆ, ಮತ್ತೆ ಬಂದಿಲ್ಲವಂತೆ. “ಒಬ್ಬ ಗಿರಾಕಿ ಹೋದ, ಸರ” ಎಂದು ನಕ್ಕನು. ತಾಯಿ ಮಾತಾಡಿದಳೇ ಎಂದು ಕೇಳಿದೆವು. “ಊಟಕ್ಕ ಕರೀತಾಳ್ರಿ. ಮ್ಯಾಲಿನ ಅಂತಸ್ತಿಗೆ ಮಾತ್ರ ಏರಿಲ್ರಿ” ಎಂದನು.

ಪಾತ್ರವೆಂಬ ಶಬ್ದವನ್ನು ತರಗತಿಯಲ್ಲಿ ಬಿಡಿಸುವಾಗ ನಾವು ಮಕ್ಕಳಿಗೆ ಹೇಳುತ್ತಿದ್ದೆವು: ಪಾ ಎಂಬ ಧಾತು ಎರಡುಂಟು, ಒಂದಕ್ಕೆ ಕುಡಿಯುವದೆಂದು ಅರ್ಥ, ಇನ್ನೊಂದಕ್ಕೆ ಕಾಯುವದೆಂದು. ಪಾತ್ರವು ಮೊದಲನೆಯದರಿಂದ ಹುಟ್ಟಿದ್ದು, ಎರಡನೆಯದರಿಂದಲ್ಲ ಎಂದು. ವ್ಯಾಕರಣದ ಮಟ್ಟಿಗೆ ಅದು ಸರಿಯಾದ ಪಾಠವೇ. ಆದರೆ ಆ ನೇಕಾರನ ಮನೆಯಲ್ಲಿ ತಂಬಿಗೆ ಲೋಟಗಳು ಉಳಿದಷ್ಟು ದಿನ ಸಂಸಾರವೂ ಉಳಿದಿತ್ತು. ಈಗ ಆ ಹುಡುಗನ ಅಂಗಡಿಯಲ್ಲಿ ಮೊದಲು ಬರುವದು ನೀರಿನ ಲೋಟ. ಅದು ಮೊದಲೇ ಬರುತ್ತಿರಲಿ, ಎಂದೂ ಖಾಲಿಯಾಗದಿರಲಿ ಎಂಬುದಷ್ಟೇ ನಮ್ಮ ಹಾರೈಕೆ.